ಹ್ಯಾಂಗರಿಗೆ ಬಾರದ ಊಟ

“ಊಟವೇ ಬರ್ಲಿಲ್ಲ ಕಣಮ್ಮ. ನಮ್ಮ ಹೊಟ್ಟೆಉರಿ ಅದೇ,” ಎಂದರು ಗ್ರೀಸ್ ಮಾವ.

ನಾನು ಕೇಳಿದ್ದು ಇಂಜಿನ್ನಿನ ಬಗ್ಗೆ. ಅವರು ಹೇಳಿದ್ದು ಊಟದ ಬಗ್ಗೆ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆನೇನೋ. ಇವತ್ತು ನಗುವ ದಿನವಲ್ಲ. ಮಧ್ಯಾಹ್ನ ಮೂರಕ್ಕೆ ವಿಚಾರಣಾ ಸಮಿತಿಯ ಕೋಟುಧಾರಿಗಳು ಕೂತು, ನನ್ನ ಭಾವನ ಲೈಸೆನ್ಸ್ ಕಿತ್ತುಕೊಳ್ಳುವವರಿದ್ದರು. ಅದು ಹೋದರೆ ಅವರು ಜನ್ಮದಲ್ಲಿ ಮತ್ತೆ ಒಂದು ವಿಮಾನವನ್ನೂ ಮುಟ್ಟುವಂತಿಲ್ಲ.

ಭಾವ ದುಡಿಯುವ ವಿಮಾನ ಕಂಪನಿಯ ಇಂಜಿನ್‌ಗಳು ಒಂದಾದ ಮೇಲೊಂದು “ಇದ್ದಕ್ಕಿದ್ದಂತೆ” ಕೆಟ್ಟು, ಬೆಳಗಿನ ವಿಮಾನಗಳು ರದ್ದಾಗಿ, ಪ್ರತಿ ಸಲವೂ ಷೇರು ನೆಲ ಕಚ್ಚಿತ್ತು. ತಪಾಸಣೆಯ ಮುಖ್ಯ ಇಂಜಿನಿಯರ್ ಆಗಿದ್ದ ಅವರು ಸರಿಯಾಗಿ ನೋಡಿಲ್ಲ ಎಂದು ಎಲ್ಲವನ್ನೂ ಭಾವನ ತಲೆಗೆ ಕಟ್ಟಿ ಅಮಾನತು ಮಾಡಿದ್ದರು.

ಭಾವ ಬಾಯಿಯೇ ಬಿಡುತ್ತಿರಲಿಲ್ಲ. ಊರವರ ಗುಟ್ಟನ್ನೆಲ್ಲ ಕೆದಕಿ ಹೊಟ್ಟೆ ಹೊರೆಯುವ ಪತ್ತೇದಾರಿಣಿ ನಾದಿನಿ ಎದುರಿಗೇ ಕೂತು ಕೇಳಿದರೂ ಅವರದು ಒಂದೇ ಮಾತು: “ಬಿಡು ಮೆಣಸಿನಕಾಯಿ, ಈ ಕೇಸು ನಿನಗೆ ಬೇಡ.”

ಮೆಣಸಿನಕಾಯಿ ಎಂದರೆ ನಾನೇ. ನನಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ಮನೆಮಂದಿಯೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇಡೀ ಬದುಕನ್ನು ಇಂಜಿನ್ನಿನ ಮುಂದೆ ಮಂಡಿಯೂರಿ ಕಳೆದ ಮನುಷ್ಯನನ್ನು ಬಲಿ ಕೊಡುತ್ತಿರುವಾಗ ಕೋಪ ಬರದಿದ್ದರೆ ನಾನೇನು ಕಲ್ಲುಗುಂಡೇ?

“ಯಾವ ಊಟ ಮಾವ?” ಎಂದೆ, ಹಲ್ಲು ಕಚ್ಚಿಕೊಂಡು.

“ಅದೇ, ರದ್ದೂಟ.”

ಗ್ರೀಸ್ ಮಾವ ವಿಮಾನ ರಿಪೇರಿ ಮಾಡುವ ಹ್ಯಾಂಗರಿನ ಹಳೇ ಮೆಕ್ಯಾನಿಕ್. ಉಗುರಿನ ಸಂದಿಯ ಕಪ್ಪು ಅವರ ಮದುವೆಯ ಫೋಟೋದಲ್ಲೂ ಇದೆಯಂತೆ. ಅವರ ಹಿಂದೆ ಒಂದು ದೊಡ್ಡ ವಿಮಾನ ಒಂದು ಬದಿಯ ಇಂಜಿನ್ ಇಲ್ಲದೆ ನಿಂತಿತ್ತು. ಇಳಿಸಿದ ಇಂಜಿನ್ ಕಬ್ಬಿಣದ ತೊಟ್ಟಿಲಿನ ಮೇಲೆ ಕೂತಿತ್ತು. ಅದರ ಬಾಯಿಗೆ ಕೆಂಪು ಹೊದಿಕೆ, ಕೆಳಗೆ ತೊಟ್ಟಿಕ್ಕುವ ಎಣ್ಣೆಗೊಂದು ತಗಡಿನ ತಟ್ಟೆ.

ಅವರು ವಿವರಿಸಿದರು. ವಿಮಾನ ಕೊನೇ ಗಳಿಗೆಯಲ್ಲಿ ರದ್ದಾದರೆ, ಪ್ರಯಾಣಿಕರಿಗೆಂದು ಬೇಯಿಸಿ ಪೊಟ್ಟಣ ಕಟ್ಟಿದ ಊಟ ಹಾಗೇ ಉಳಿಯುತ್ತದೆ. ಬೇರೆ ಕಡೆ ಅದನ್ನು ಎಸೆಯುತ್ತಾರೆ. ಇಲ್ಲಿ ಎಸೆಯುವುದಿಲ್ಲ, ತಳ್ಳುಗಾಡಿಗಳಲ್ಲಿ ತುಂಬಿ ಹ್ಯಾಂಗರಿಗೆ ಕಳಿಸುತ್ತಾರೆ. ವಿಮಾನ ಕೆಟ್ಟ ದಿನ ಇಲ್ಲಿಯವರಿಗೆ ಕ್ಯಾಂಟೀನಿಗೆ ಹೋಗಿಬರುವಷ್ಟು ಪುರುಸೊತ್ತಿರುವುದಿಲ್ಲ. ರೆಕ್ಕೆಯ ಕೆಳಗೇ ಕೂತು, ಹಾರದೆ ಹೋದವರ ಊಟ ಹೊಡೆದು ಮತ್ತೆ ಸ್ಪಾನರ್ ಹಿಡಿಯುತ್ತಾರೆ. ಅದಕ್ಕೆ ಇಟ್ಟ ಹೆಸರು ರದ್ದೂಟ.

“ಮಂಜು ಮುಸುಕಿ ರದ್ದಾದಾಗ ಬಂತು. ಪೈಲಟ್‌ಗೆ ಹೊಟ್ಟೆ ಕೆಟ್ಟಾಗ ಬಂತು. ಬಾಗಿಲು ಮುಚ್ಚಲ್ಲ ಅಂತ ನಿಂತಾಗ್ಲೂ ಬಂತು,” ಎಂದು ಮಾವ ಬೆರಳು ಮಡಚಿದರು. “ಈ ಇಂಜಿನ್ ಕೇಸ್‌ಗಳಿದಾವಲ್ಲ, ಇವಕ್ಕೆ ಮಾತ್ರ ಇಲ್ಲ. ಒಂದು ಸಲಾನೂ ಬರ್ಲಿಲ್ಲ. ಖಾಲಿ ಹೊಟ್ಟೇಲೇ ಇಂಜಿನ್ ಇಳಿಸಿದ್ವಿ. ನಾನು ಅಡುಗೆಯವ್ರನ್ನ ಬಾಯಿಗೆ ಬಂದ ಹಾಗೆ ಬೈದೆ.”

“ಪ್ರತಿ ಸಲವೂ?”

“ಪ್ರತಿ ಸಲಾನೂ. ನಿಮ್ಮ ಭಾವ ಇದ್ರು, ಬದುಕಿಕೊಂಡ್ವಿ. ದೇವರಂಥ ಮನುಷ್ಯ. ತಮ್ಮ ಡಬ್ಬಿ ಬಿಚ್ಚಿ ಎಲ್ಲರ ಕೈಗೂ ಒಂದೊಂದು ತುತ್ತು ಹಾಕಿದ್ರು. ನಿಮ್ಮಕ್ಕನ ಕೈರುಚಿ ಅಂದ್ರೆ ಕೈರುಚಿ ಕಣಮ್ಮ, ನಾವೆಲ್ಲ ಬೆರಳು ನೆಕ್ಕಿದ್ವಿ.”

ನನಗೆ ಹೆಮ್ಮೆ ಎನಿಸಿತು. ಇಂಥವರ ಮೇಲೆ ನಿರ್ಲಕ್ಷ್ಯದ ಆರೋಪ ಹೊರಿಸುತ್ತಾರಲ್ಲ, ಇವರ ನಾಲಿಗೆ ಸೇದಿಹೋಗಬಾರದೇ ಎಂದು ಶಾಪ ಹಾಕುತ್ತ ಹೊರಬಿದ್ದೆ.

ಹ್ಯಾಂಗರಿನಿಂದ ಅಡುಗೆಮನೆಯ ಕಟ್ಟಡಕ್ಕೆ ಬಿಸಿಲಿನಲ್ಲಿ ನಡೆಯುತ್ತಿದ್ದಾಗ ತಮ್ಮನ ಫೋನು ಬಂತು. ಅವನು ಷೇರು ದಲ್ಲಾಳಿ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನು, ಮಾತಿನಲ್ಲಿ ಎಲ್ಲರಿಗಿಂತ ದೊಡ್ಡವನು.

“ಚಿಕ್ಕಕ್ಕಾ, ಏನಾದ್ರೂ ಸಿಕ್ತಾ?”

“ಸಿಗುತ್ತೆ. ನೀನು ಒಂದು ಹೇಳು. ಈ ಕಂಪನಿಗೆ ಏನು ದಾಡಿ? ಸೀಟೆಲ್ಲ ಭರ್ತಿ, ಸಾಲ ಇಲ್ಲ, ಹೇಳಿದ ಸಮಯಕ್ಕೆ ಹಾರುತ್ತೆ, ಎದುರು ನಿಲ್ಲೋರೇ ಇಲ್ಲ. ಆದ್ರೂ ಷೇರು ಯಾಕೆ ತಲೆ ಎತ್ತಲ್ಲ?”

ಅವನು ನಕ್ಕ. ಪಾಠ ಹೇಳುವ ಅವಕಾಶ ಸಿಕ್ಕರೆ ಅವನಿಗೆ ಹಬ್ಬ. “ಮಾರ್ಕೆಟ್‌ಗೆ ಕೆಟ್ಟ ಸುದ್ದಿ ಅಂದ್ರೆ ಭಯ ಇಲ್ಲ ಕಣೇ. ಹೇಳದೆ ಕೇಳದೆ ಬರೋ ಕೆಟ್ಟ ಸುದ್ದಿ ಅಂದ್ರೆ ಭಯ. ಸ್ವಲ್ಪ ಏರುತ್ತೆ, ಅಷ್ಟರಲ್ಲಿ ಇನ್ನೊಂದು ಇಂಜಿನ್ ಢಮಾರ್. ಏರುತ್ತೆ, ಮತ್ತೆ ಢಮಾರ್. ಇವತ್ತು ಬೆಳಿಗ್ಗೆ ಎಷ್ಟು ವಿಮಾನ ಹಾರುತ್ತೆ ಅಂತ ಅವರಿಗೇ ಗೊತ್ತಿಲ್ಲ ಅಂದ್ಮೇಲೆ ಯಾರು ನಂಬ್ತಾರೆ?”

ಅವನ ಹಿಂದೆ ಕಾರಿನ ಬೀಗ ತೆರೆದ ಕೀಚು ಸದ್ದು ಕೇಳಿಸಿತು. ಹೊಸ ಕಾರು, ತಂದು ಇನ್ನೂ ಸೀಟಿನ ಪ್ಲಾಸ್ಟಿಕ್ ಕಿತ್ತಿರಲಿಲ್ಲ.

“ಪಾಪ ಭಾವ,” ಎಂದ. “ನನ್ನಿಂದ ಏನಾದ್ರೂ ಆಗ್ಬೇಕಾದ್ರೆ ಹೇಳು.”

“ಬಾಯಿ ಮುಚ್ಕೊಂಡಿದ್ರೆ ಅದೇ ದೊಡ್ಡ ಉಪಕಾರ,” ಎಂದು ಫೋನಿಟ್ಟೆ. ಆದರೆ ಅವನ ಮಾತು ತಲೆಯೊಳಗೆ ಕೂತಿತು. ಹೇಳದೆ ಕೇಳದೆ ಬರುವ ಕೆಟ್ಟ ಸುದ್ದಿ. ಹೇಳದೆ ಕೇಳದೆ ಬಂದಿದ್ದರೆ ಊಟ ಯಾಕೆ ಬರಲಿಲ್ಲ?

ಅಡುಗೆಮನೆಯ ಬಾಗಿಲಲ್ಲಿ ನನ್ನ ತಲೆಗೊಂದು ಬಲೆಟೋಪಿ, ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿಸಿದರು. ಒಳಗೆ ಮೂಳೆ ಕೊರೆಯುವ ಚಳಿ. ಉದ್ದನೆಯ ಸ್ಟೀಲ್ ಮೇಜುಗಳ ಎರಡೂ ಬದಿಗೆ ಹೆಂಗಸರು ನಿಂತು ಪುಟ್ಟ ತಟ್ಟೆಗಳಿಗೆ ಊಟ ತುಂಬುತ್ತಿದ್ದರು. ಅಡುಗೆ ಮೇಲ್ವಿಚಾರಕಿ ದಪ್ಪ ಕನ್ನಡಕದ, ದೊಡ್ಡ ದನಿಯ ಹೆಂಗಸು.

“ಇಂಜಿನ್ ಕೆಟ್ಟ ದಿನಗಳಲ್ಲಿ ಹ್ಯಾಂಗರಿಗೆ ಊಟ ಯಾಕೆ ಕಳಿಸಲಿಲ್ಲ?” ಎಂದು ನೇರವಾಗಿ ಕೇಳಿದೆ.

“ಅಯ್ಯೋ, ಮಾಡಿದ್ರೆ ತಾನೇ ಕಳಿಸೋದು! ಬೇಯಿಸೇ ಇರ್ಲಿಲ್ಲ. ಆ ಗ್ರೀಸ್ ಮುದುಕ ನಿಮ್ಮ ಹತ್ರಾನೂ ಅತ್ತನಾ?”

“ವಿಮಾನ ಕೆಟ್ಟಿದ್ದು ಬೆಳಿಗ್ಗೆ. ಅಡುಗೆ ಶುರುವಾಗೋದು ಹಿಂದಿನ ದಿನ ಸಂಜೆ. ಬೇಡ ಅಂತ ನಿಮಗೆ ಯಾವಾಗ ಗೊತ್ತಾಯ್ತು?”

“ಹಿಂದಿನ ದಿನ ಮಧ್ಯಾಹ್ನವೇ ಫೋನ್ ಬಂದಿತ್ತಲ್ಲ,” ಎಂದವಳು ಅಲ್ಲಿಗೇ ನಿಂತಳು. ತಾನೇನು ಹೇಳಿದೆ ಎಂದು ಅವಳಿಗೂ ಆಗಲೇ ಹೊಳೆದಿರಬೇಕು. ಕನ್ನಡಕದ ಹಿಂದೆ ಕಣ್ಣು ಅಗಲವಾಯಿತು.

“ಯಾರ ಫೋನು?”

“ಗಡಿಯಾರ ಸಾಹೇಬ್ರದು. ‘ನಾಳೆ ಬೆಳಗಿನ ವಿಮಾನಕ್ಕೆ ಊಟ ಇಡಬೇಡಿ’ ಅಂದ್ರು. ಅಷ್ಟೇ. ಅನ್ನ ಹಾಳಾಗೋದು ಕಂಡ್ರೆ ಅವರಿಗೆ ಆಗಲ್ಲ ಮೇಡಂ. ಒಳ್ಳೇದೇ ಆಯ್ತು ಅಂದ್ಕೊಂಡ್ವಿ. ಅದ್ರಲ್ಲಿ ತಪ್ಪೇನು?”

“ನಿಮ್ಮದೇನೂ ತಪ್ಪಿಲ್ಲ. ಸಮಿತಿ ಎದುರು ಇದನ್ನೇ ಹೇಳ್ತೀರಾ?”

ಅವಳು ಕೈಗವಸು ಕಿತ್ತು ಮೇಜಿನ ಮೇಲಿಟ್ಟಳು. “ಕೇಳಿದ್ರೆ ಹೇಳ್ತೀನಿ. ಸುಳ್ಳು ಹೇಳಿ ನನಗೇನಾಗ್ಬೇಕು?”

ಗಡಿಯಾರ ಎಂದರೆ ಹಾರಾಟ ವಿಭಾಗದ ಮುಖ್ಯಸ್ಥ. ಯಾವ ವಿಮಾನ ಯಾವಾಗ ಏಳಬೇಕು, ಯಾವುದು ನಿಲ್ಲಬೇಕು ಎಂಬುದೆಲ್ಲ ಅವನ ಕೈಯಲ್ಲಿ. ಈ ಕಂಪನಿ ಗಳಿಗೆ ತಪ್ಪದೆ ಹಾರುತ್ತದೆ ಎಂಬ ಹೆಸರು ಬಂದದ್ದು ಅವನಿಂದ, ಅದಕ್ಕೇ ಆ ಅಡ್ಡಹೆಸರು. ಇದೇ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಸೇರಿ ಮೇಲೆ ಬಂದವನು. ಈಗಲೂ ಮಧ್ಯಾಹ್ನ ಕ್ಯಾಂಟೀನಿನ ತೊಟ್ಟಿಯ ಪಕ್ಕ ನಿಂತು, ತಟ್ಟೆಯಲ್ಲಿ ಅನ್ನ ಬಿಟ್ಟವರು ಮ್ಯಾನೇಜರೇ ಆಗಲಿ ಪೈಲಟ್ಟೇ ಆಗಲಿ, ಎಲ್ಲರೆದುರು ಮುಖಕ್ಕೆ ಹೊಡೆದಂತೆ ಬೈಯುತ್ತಾನೆ. ರದ್ದೂಟದ ಪದ್ಧತಿ ತಂದವನೂ ಅವನೇ.

ಊರಿನ ಕಣ್ಣಿಗೆ ಮಣ್ಣೆರಚಬಲ್ಲವನಿಗೆ ಒಂದು ವಿಮಾನದ ಊಟ ಹಾಳು ಮಾಡಲು ಕೈ ಬಂದಿರಲಿಲ್ಲ.

ನನಗೆ ಬೇಕಾದ್ದು ಸಿಕ್ಕಿತ್ತು. ನೇರವಾಗಿ ಸಮಿತಿಯ ಎದುರು ಹೋಗಬಹುದಿತ್ತು. ಆದರೆ ಮೈ ಉರಿಯುತ್ತಿತ್ತು. ಅವನ ಮುಖ ನೋಡಿ ಕೇಳದೆ ಹೋದರೆ ಜನ್ಮವಿಡೀ ನಿದ್ದೆ ಬರುವುದಿಲ್ಲ ಎನಿಸಿತು.

ಆಡಳಿತ ಕಟ್ಟಡದ ಕೆಳಗಿನ ಓಣಿಯಲ್ಲಿ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಭಾವನನ್ನು ಆಗಲೇ ಒಳಗೆ ಕರೆದಿದ್ದರು. ಅವರು ಬೆಳಗಿನಿಂದ ಏನೂ ತಿಂದಿಲ್ಲವೆಂದು ಊಟ ಕಟ್ಟಿ ತಂದಿದ್ದಳು. ಸ್ಟೀಲಿನ ಕ್ಯಾರಿಯರ್ ಅವಳ ತೊಡೆಯ ಮೇಲಿತ್ತು. ಅದರ ಕೊಂಡಿ ಮುರಿದು ಎಷ್ಟೋ ಕಾಲವಾಗಿತ್ತು. ಹೊಸದು ತರೋಣವೆಂದರೆ ಕೇಳದೆ, ನೀಲಿ ಲಾಡಿಯಲ್ಲಿ ಬಿಗಿದು ಅದನ್ನೇ ಬಳಸುತ್ತಿದ್ದಳು.

“ಏನಾಯ್ತೇ?” ಎಂದಳು. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು.

“ಗೆದ್ವಿ ಅಕ್ಕ. ಭಾವನ ಕೂದಲೂ ಕೊಂಕಲ್ಲ. ಒಂದು ಹತ್ತು ನಿಮಿಷ ಕೊಡು.”

ಅವಳು ನನ್ನ ಕೈ ಹಿಡಿದು ಒತ್ತಿದಳು. ನಾನು ಮೆಟ್ಟಿಲು ಹತ್ತಿದೆ.

ಗಡಿಯಾರನ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದೆ. ಸಣಕಲು ಮನುಷ್ಯ, ಇಸ್ತ್ರಿ ಮಡಿಕೆ ಮುರಿಯದ ಅಂಗಿ. ಗೋಡೆಯ ಮೇಲೆ ಎರಡು ಪರದೆ. ಒಂದರಲ್ಲಿ ವಿಮಾನಗಳ ವೇಳಾಪಟ್ಟಿ, ಇನ್ನೊಂದರಲ್ಲಿ ಕಂಪನಿಯ ಷೇರಿನ ಕೆಂಪು ಗೆರೆ.

“ಯಾರು ನೀವು? ಅಪಾಯಿಂಟ್‌ಮೆಂಟ್ ಇದೆಯಾ?”

“ಕೆಳಗೆ ನೀವು ಬಲಿ ಕೊಡ್ತಿದೀರಲ್ಲ, ಅವರ ನಾದಿನಿ.”

ಅವನು ಪೆನ್ನಿನ ಮುಚ್ಚಳ ಹಾಕಿದ. “ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ. ಇಂಜಿನ್‌ಗಳು ಇದ್ದಕ್ಕಿದ್ದ ಹಾಗೆ ಬೆಳಿಗ್ಗೆ ಕೆಟ್ಟವು ಅಂತ ಸಮಿತಿಗೆ ಹೇಳಿದೋರು ನೀವು. ಹಿಂದಿನ ದಿನ ಮಧ್ಯಾಹ್ನವೇ ಊಟ ನಿಲ್ಲಿಸಿದೋರೂ ನೀವೇ. ಜ್ಯೋತಿಷ್ಯ ಬರುತ್ತಾ ನಿಮಗೆ?”

ಅವನ ಮುಖ ಬಿಳಿಚಿಕೊಂಡಿತು. ಕಿಟಕಿಯ ಕಡೆ ತಿರುಗಿ, ಮೆತ್ತಗೆ, “ಅನ್ನ ಹಾಳಾಗ್ತಿತ್ತು,” ಎಂದ.

“ಅನ್ನ ಹಾಳಾಗಬಾರದು, ಮನುಷ್ಯ ಹಾಳಾದ್ರೆ ಪರವಾಗಿಲ್ಲ. ಅಲ್ವಾ?”

“ನಿಮಗೆ ಅರ್ಥ ಆಗಲ್ಲ. ಹಿಂದಿನ ದಿನ ಸುಳಿವು ಸಿಕ್ಕಿತ್ತು, ನಿಜ. ಆದ್ರೆ ರಾತ್ರಿ ಒಳಗೆ ಬದಲಿ ಇಂಜಿನ್ ಸಿಗಬಹುದು ಅಂತ ಕಾದೆ. ಅದಕ್ಕೇ ಮೊದಲೇ ಹೇಳ್ಲಿಲ್ಲ.”

“ಸುಳ್ಳು,” ಎಂದು ಮೇಜು ಗುದ್ದಿದೆ. “ಸಿಗುತ್ತೆ ಅನ್ನೋ ಆಸೆ ಒಂದು ಚೂರಾದ್ರೂ ಇದ್ದಿದ್ರೆ ಊಟ ಬೇಯಿಸ್ಲಿ ಅಂತ ಬಿಡ್ತಿದ್ರಿ. ಹಾರೋ ವಿಮಾನದಲ್ಲಿ ಜನ ಉಪವಾಸ ಕೂರೋ ಹಾಗೆ ಮಾಡೋ ಜಾತಿ ನೀವಲ್ಲ. ಇಂಜಿನ್ ಬರಲ್ಲ ಅಂತ ನಿಮಗೆ ಖಡಾಖಂಡಿತ ಗೊತ್ತಿತ್ತು.”

ಅವನು ಕುರ್ಚಿಯಲ್ಲಿ ಕುಸಿದ. ಅಂಗಿಯ ಇಸ್ತ್ರಿ ಹಾಗೇ ಇತ್ತು, ಒಳಗಿನ ಮನುಷ್ಯ ಮಾತ್ರ ಸುಕ್ಕಾಗಿದ್ದ.

“ಬದಲಿ ಇಂಜಿನ್‌ಗಳೇ ಇಲ್ಲ,” ಎಂದ. “ಇಟ್ಟುಕೊಂಡಿದ್ದನ್ನೆಲ್ಲ ಆಡಳಿತ ಮಂಡಳಿ ಮಾರಿಬಿಡ್ತು. ಆ ವರ್ಷ ಲಾಭ ಚೆನ್ನಾಗಿ ಕಾಣ್ಲಿ ಅಂತ. ಚೆನ್ನಾಗೇ ಕಾಣ್ತು. ಚಪ್ಪಾಳೆ ಹೊಡೆದ್ರು. ಈಗ ಒಂದು ಇಂಜಿನ್ ಹೋದ್ರೆ ಹಾಕೋಕೆ ಇನ್ನೊಂದಿಲ್ಲ. ಮಾಡಿಕೊಡೋ ಕಂಪನಿ ಕೇಳಿದ್ರೆ ಇವತ್ತು ನಾಳೆ ಅಂತ ಸತಾಯಿಸುತ್ತೆ.”

“ಅದನ್ನ ಹೇಳೋಕೆ ಏನಾಗಿತ್ತು ರೋಗ?”

“ಅದನ್ನ ಹೇಳಿದ್ರೆ ಮಂಡಳಿ ಮೇಲೆ ಬರುತ್ತೆ. ಇದ್ದಕ್ಕಿದ್ದ ಹಾಗೆ ಕೆಡ್ತು ಅಂದ್ರೆ ಯಾರೋ ಒಬ್ಬನ ಮೇಲೆ ಬರುತ್ತೆ.”

ಎಷ್ಟು ಸಲೀಸಾಗಿ ಹೇಳಿದ! ಆ ಯಾರೋ ಒಬ್ಬ ನನ್ನ ಭಾವ. ನಾನು ಚಿಕ್ಕವಳಿದ್ದಾಗ ಸೈಕಲ್ ಚೈನಿಗೆ ಎಣ್ಣೆ ಬಿಡುವುದನ್ನು ಕಲಿಸಿದವರು, ಅಪ್ಪ ಹೋದ ಮೇಲೆ ನನ್ನ ಕಾಲೇಜಿನ ಫೀಸು ಕಟ್ಟಿ ಆ ಮಾತನ್ನೇ ಎತ್ತದವರು.

“ಥೂ ನಿಮ್ಮ ಜನ್ಮಕ್ಕೆ!” ಎಂದೆ. “ಇಂಥ ಕಂಪನಿ ಕಟ್ಟಿದ್ರಿ. ಒಳ್ಳೇ ವಿಮಾನ, ಒಳ್ಳೇ ಕೆಲಸಗಾರರು, ಜನರ ನಂಬಿಕೆ, ಎಲ್ಲ ಇತ್ತು. ನಿಜ ಹೇಳಿದ್ರೆ ಷೇರು ಒಂದು ಸಲ ಬೀಳ್ತಿತ್ತು, ಆಮೇಲೆ ಎದ್ದು ನಿಲ್ತಿತ್ತು. ಮುಚ್ಚಿಟ್ಟಿದ್ದಕ್ಕೆ ಪ್ರತಿ ಸಲ ಬೀಳ್ತಾ ಇದೆ. ಅದಕ್ಕೆ ಒಬ್ಬ ಬಡಪಾಯಿ ತಲೆ ಬೇರೆ ಬೇಕಾ ನಿಮಗೆ?”

“ಬಡಪಾಯಿ,” ಎಂದು ಅವನು ತಲೆಯೆತ್ತಿದ. ದನಿ ಬದಲಾಗಿತ್ತು. “ಇಂಜಿನ್ ಹೋಗುತ್ತೆ ಅಂತ ಹಿಂದಿನ ದಿನ ನನಗೆ ಹೇಳಿದ್ದು ಯಾರು ಅಂದ್ಕೊಂಡ್ರಿ?”

ಮೇಜಿನ ಮೇಲಿದ್ದ ಮುಷ್ಟಿಯನ್ನು ನಾನು ಹಿಂದಕ್ಕೆ ಎಳೆದುಕೊಂಡೆ.

“ನಿಮ್ಮ ಭಾವನೇ. ಅವನಷ್ಟು ಚೆನ್ನಾಗಿ ಇಂಜಿನ್ ನೋಡೋರು ಇನ್ನೊಬ್ಬರಿಲ್ಲ. ಅದರ ಮುಚ್ಚಳ ತೆಗೆದು ದೀಪ ಬಿಟ್ಟು ನೋಡ್ತಾನೆ, ಬಿರುಕು ಕಂಡ್ರೆ ನನಗೆ ಫೋನ್ ಮಾಡ್ತಾನೆ. ‘ಇನ್ನು ಇದು ಹಾರಬಾರದು’ ಅಂತ. ನಾನು ‘ಯಾರಿಗೂ ಹೇಳ್ಬೇಡ, ಊಟ ನಿಲ್ಲಿಸ್ತೀನಿ, ಉಳಿದದ್ದು ಬೆಳಿಗ್ಗೆ ನೋಡ್ಕೊಳ್ತೀನಿ’ ಅಂತಿದ್ದೆ. ಕೆಟ್ಟ ಇಂಜಿನ್ನಲ್ಲಿ ಒಂದು ವಿಮಾನಾನೂ ಹಾರ್ಸಿಲ್ಲ ನಾನು, ಅಷ್ಟು ಪಾಪಿ ಅಲ್ಲ. ಹೇಳೋದನ್ನ ತಡ ಮಾಡಿದೆ, ಅಷ್ಟೇ.”

“ಅಂದ್ರೆ ಭಾವ ತಮ್ಮ ಕೆಲಸ ಸರಿಯಾಗಿ ಮಾಡಿದ್ರು. ನಿಮ್ಮ ಬಾಯಿಂದಲೇ ಬಂತಲ್ಲ. ಸಮಿತಿ ಎದುರು ಇದನ್ನೇ ಹೇಳಿ.”

“ಹೇಳ್ತೀನಿ. ಅಡುಗೆಯವಳು ಬಾಯಿಬಿಟ್ಟ ಮೇಲೆ ನಾನು ಹೇಳ್ದಿದ್ರೂ ಒಂದೇ.” ಅವನು ಎದ್ದು ಷೇರಿನ ಪರದೆಯ ಮುಂದೆ ನಿಂತ. “ಆದ್ರೆ ಇದನ್ನ ನೋಡಿ ಆಮೇಲೆ ನಿರ್ಧಾರ ಮಾಡಿ. ಈ ಗೆರೆ ಎಲ್ಲಿ ಬೀಳೋಕೆ ಶುರುವಾಗುತ್ತೆ ನೋಡಿ. ವಿಮಾನ ರದ್ದಾದ ಬೆಳಿಗ್ಗೆ ಅಲ್ಲ. ಹಿಂದಿನ ದಿನ, ಮಾರ್ಕೆಟ್ ಮುಚ್ಚೋಕೆ ಮುಂಚೆ. ನಿಮ್ಮ ಭಾವ ಫೋನ್ ಇಟ್ಟ ಮೇಲೆ. ಯಾರೋ ಮೊದಲೇ ತಿಳ್ಕೊಂಡು ರಾಶಿ ರಾಶಿ ಮಾರ್ತಿದಾರೆ. ಬೆಳಿಗ್ಗೆ ಎಲ್ಲರೂ ಗಾಬರಿಬಿದ್ದು ಮಾರಿದಾಗ ಅವರೇ ಅಗ್ಗಕ್ಕೆ ಕೊಳ್ತಾರೆ. ಷೇರು ಏಳದೆ ಇರೋದಕ್ಕೆ ನನ್ನ ಸುಳ್ಳು ಅರ್ಧ ಕಾರಣ. ಉಳಿದರ್ಧ ಇದು.”

“ಗೊತ್ತಿದ್ದೋರು ಮೂರೇ ಜನ. ನೀವು, ಅಡುಗೆಯವರು...”

“ಅಡುಗೆಯವಳಿಗೆ ಊಟ ಬೇಡ ಅನ್ನೋದು ಗೊತ್ತಿತ್ತು, ಯಾಕೆ ಅಂತ ಗೊತ್ತಿರ್ಲಿಲ್ಲ. ನಾನಂತೂ ಒಂದು ಷೇರನ್ನೂ ಮಾರಿಲ್ಲ. ದುಡಿದದ್ದೆಲ್ಲ ಇದ್ರಲ್ಲೇ ಮುಳುಗಿದೆ. ಬೇಕಾದ್ರೆ ತನಿಖೆ ಮಾಡಿ.”

“ಭಾವ ಅಂಥವರಲ್ಲ!”

“ಅಲ್ಲ,” ಎಂದು ಅವನು ತಟ್ಟನೆ ಒಪ್ಪಿಕೊಂಡ. ಅದೇ ನನ್ನನ್ನು ಹೆದರಿಸಿತು. “ಅವನು ಅಂಥವನಲ್ಲ. ನಾನು ಆ ಬೆಳಿಗ್ಗೆಗಳಲ್ಲಿ ಹ್ಯಾಂಗರಿಗೆ ಹೋಗ್ತಿದ್ದೆ. ಉಪವಾಸ ಇರ್ತಾರಲ್ಲ ಅಂತ ಮನಸ್ಸು ಚುಚ್ತಿತ್ತು. ಎಲ್ಲರೂ ಊಟದ ಗಾಡಿ ಬರುತ್ತೆ ಅಂತ ದಾರಿ ಕಾಯ್ತಿದ್ರು. ಕಾಯದೆ ಇದ್ದೋನು ಒಬ್ಬನೇ. ಅವನ ಹತ್ರ ಮನೆಯಿಂದ ತಂದ ಕ್ಯಾರಿಯರ್ ಇತ್ತು. ಕೊಂಡಿ ಮುರಿದು ನೀಲಿ ಲಾಡಿ ಕಟ್ಟಿದ್ದು. ಬೇರೆ ದಿನ ಅವನು ಕ್ಯಾಂಟೀನಲ್ಲೇ ಉಣ್ಣೋದು, ನನ್ನ ಕಣ್ಣೆದುರೇ. ಊಟದ ವಿಷಯದಲ್ಲಿ ನನ್ನ ಕಣ್ಣು ತಪ್ಪಲ್ಲ. ಊಟ ಬರದ ಬೆಳಿಗ್ಗೆಗಳಲ್ಲಿ ಮಾತ್ರ ಆ ಕ್ಯಾರಿಯರ್ ಬರ್ತಿತ್ತು.”

ಗ್ರೀಸ್ ಮಾವನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಬೆರಳು ನೆಕ್ಕಿದ್ವಿ ಕಣಮ್ಮ. ಹೆಮ್ಮೆಪಟ್ಟಿದ್ದೆನಲ್ಲ ನಾನು, ಮಹಾ ಪತ್ತೇದಾರಿಣಿ! ಯಾರಿಗೂ ಊಟ ಸಿಗದ ದಿನವೇ ಒಬ್ಬರ ಬಳಿ ಊಟ ಯಾಕಿತ್ತು ಎಂದು ಕೇಳುವಷ್ಟು ಬುದ್ಧಿ ನನಗೆ ಬರಲಿಲ್ಲ.

“ಅವನು ಮಾರಿಲ್ಲ,” ಎಂದ ಗಡಿಯಾರ. “ಆದ್ರೆ ಆ ಕ್ಯಾರಿಯರ್ ಕಟ್ಟಿದ ಕೈಗೆ ಹಿಂದಿನ ದಿನವೇ ಗೊತ್ತಿತ್ತು.”

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ.

ಅಕ್ಕ ಅಲ್ಲೇ ಕೂತಿದ್ದಳು. ಕ್ಯಾರಿಯರ್ ಈಗ ಅವಳ ಪಕ್ಕದಲ್ಲಿ, ಬೆಂಚಿನ ಮೇಲಿತ್ತು. ನನ್ನ ಮುಖ ನೋಡುತ್ತಲೇ ಅವಳ ನಗು ಅರ್ಧಕ್ಕೆ ನಿಂತಿತು.

“ಭಾವನಿಗೆ ಡಬ್ಬಿ ಯಾವಾಗ ಕಟ್ತಿದ್ದೆ ಅಕ್ಕ?”

“ಯಾವಾಗ ಅಂದ್ರೆ? ಹೆಂಡತಿ ಗಂಡನಿಗೆ ಡಬ್ಬಿ ಕಟ್ಟೋದೂ ತಪ್ಪಾ?”

“ದಿನಾ ಕಟ್ತಿದ್ಯಾ?”

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಅವರು ಮಧ್ಯಾಹ್ನ ಫೋನ್ ಮಾಡ್ತಿದ್ರು. ನಾಳೆ ಅಲ್ಲಿ ಊಟ ಇರಲ್ಲ, ಹುಡುಗರೂ ಹಸಿದಿರ್ತಾರೆ, ಸ್ವಲ್ಪ ಜಾಸ್ತೀನೇ ಕಟ್ಟು ಅಂತ. ಕಟ್ತಿದ್ದೆ.”

“ಊಟ ಯಾಕಿರಲ್ಲ ಅಂತ ಕೇಳಿದ್ಯಾ?”

“ಕೇಳ್ದೆ ಇರ್ತೀನಾ? ಇಂಜಿನ್ ಹೋಯ್ತು ಅಂದ್ರು. ಗಂಡ ಹೆಂಡತಿ ಮಾತಾಡ್ಕೊಳ್ಳೋದು ಬೇಡ್ವಾ?”

“ನೀನು ಯಾರಿಗೆ ಹೇಳಿದೆ?”

ಅಷ್ಟರಲ್ಲಿ ಅಕ್ಕನ ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ತಮ್ಮನ ನಗುಮುಖ. ಅವಳು ಕತ್ತರಿಸಲು ಹೋದಳು. ನಾನು ಕಿತ್ತುಕೊಂಡೆ. ಒತ್ತಿ ಕಿವಿಗಿಟ್ಟೆ, ಉಸಿರು ಬಿಡಲಿಲ್ಲ.

“ದೊಡ್ಡಕ್ಕಾ,” ಎಂದ ತಮ್ಮ, ಸಲಿಗೆಯಿಂದ, ಅವಸರದಿಂದ. “ವಿಚಾರಣೆ ಮುಗೀತಾ? ಚಿಕ್ಕಕ್ಕ ಏನೋ ಕಂಡುಹಿಡಿದಿರೋ ಹಾಗಿತ್ತು, ಒಳ್ಳೇದೇ ಆಯ್ತು. ಭಾವ ಮತ್ತೆ ಕೆಲಸಕ್ಕೆ ಸೇರ್ತಾರೆ ತಾನೇ? ಹಾಗಾದ್ರೆ ಮತ್ತೆ ಡಬ್ಬಿ ಕಟ್ಟೋದು ಯಾವಾಗಿಂದ?”

ನಾನು ಫೋನನ್ನು ಬೆಂಚಿನ ಮೇಲೆ ಇಟ್ಟೆ. ಅದರೊಳಗಿಂದ “ಅಕ್ಕಾ? ಅಕ್ಕಾ?” ಎನ್ನುವ ದನಿ ಸಣ್ಣಗೆ ಕೇಳಿಸುತ್ತಲೇ ಇತ್ತು. ಅವನ ಕತ್ತು ಹಿಸುಕಬೇಕು ಎನಿಸಿತು. ನಾನು ಎತ್ತಿ ಆಡಿಸಿದ ಕೂಸು. ಭಾವನ ಲೈಸೆನ್ಸ್ ಅವನಿಗೆ ಬೇಕಾದದ್ದು ಮತ್ತೆ ಸುದ್ದಿ ಬರಲಿ ಎಂದು ಮಾತ್ರ.

“ಸಂಬಳದ ಜೊತೆ ಅವರಿಗೆ ಷೇರೂ ಕೊಡ್ತಿದ್ರು,” ಎಂದಳು ಅಕ್ಕ, ನೆಲ ನೋಡುತ್ತ. “ಕಣ್ಣೆದುರೇ ಕರಗಿ ಹೋಗ್ತಿತ್ತು. ಮೊದಲ್ನೇ ಸಲ ಅದನ್ನ ಉಳಿಸ್ಕೊಳ್ಳೋಣ ಅಂತ ಅವನಿಗೆ ಹೇಳಿದ್ದು, ಅಷ್ಟೇ ಕಣೇ. ಆಮೇಲೆ ಅವನೇ ಬಿಡ್ಲಿಲ್ಲ. ದಿನಾ ಮಧ್ಯಾಹ್ನ ಫೋನ್ ಮಾಡಿ, ಡಬ್ಬಿ ಕಟ್ತೀಯಾ, ಡಬ್ಬಿ ಕಟ್ತೀಯಾ ಅಂತ ಪ್ರಾಣ ತಿನ್ನೋನು.”

“ಭಾವನಿಗೆ ಗೊತ್ತಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ನನಗೆ ನಂಬಿಕೆ ಬರಲಿಲ್ಲ. ಬಿಡು ಮೆಣಸಿನಕಾಯಿ, ಈ ಕೇಸು ನಿನಗೆ ಬೇಡ. ಗೊತ್ತಾಗಿಯೇ ಅವರು ಬಾಯಿ ಹೊಲಿದುಕೊಂಡು ಕೂತಿದ್ದರು. ಹಿಂದಿನ ದಿನವೇ ಫೋನ್ ಮಾಡಿದ್ದೆ ಎಂದು ಒಂದು ಮಾತು ಹೇಳಿದ್ದರೆ ಅವರು ಪಾರಾಗುತ್ತಿದ್ದರು. ಹೇಳಿದ್ದರೆ ಮುಂದಿನ ಪ್ರಶ್ನೆ, ಇನ್ಯಾರಿಗೆ ಫೋನ್ ಮಾಡಿದೆ ಎಂಬುದೇ. ಹೆಂಡತಿಯನ್ನು ಉಳಿಸಲು ತಮ್ಮನ್ನೇ ಕೊಟ್ಟುಕೊಂಡಿದ್ದರು.

ನಾನು ಮೆರೆಯುತ್ತ ಹೊತ್ತು ತಂದ ಸುಳಿವಿಗೆ ಎರಡೂ ಕಡೆ ಅಲಗಿತ್ತು. ಬಾರದ ಊಟದ ಕಥೆ ಹೇಳಿದರೆ ಭಾವ ಹೊರಗೆ, ಅಕ್ಕ ಜೈಲಿನೊಳಗೆ. ಹೇಳದಿದ್ದರೆ ಅಕ್ಕ ಮನೆಗೆ, ಭಾವ ಬೀದಿಗೆ. ಇಬ್ಬರ ಮೇಲೂ ಕೋಪ ಬಂತು. ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ ಬಂತು. ಕೆದಕದೆ ಇರಲಾಗದ ಈ ದರಿದ್ರ ಬುದ್ಧಿಯ ಮೇಲೆ.

ವಿಚಾರಣಾ ಕೋಣೆಯ ಬಾಗಿಲು ತೆರೆಯಿತು. ಅಟೆಂಡರ್ ತಲೆ ಹೊರಹಾಕಿದ. “ಇಂಜಿನಿಯರ್ ಕಡೆ ಸಾಕ್ಷಿ ಯಾರು? ಬನ್ನಿ ಮೇಡಂ, ಕರೀತಿದಾರೆ. ಇದೇ ಕೊನೆ, ಆಮೇಲೆ ತೀರ್ಪು.”

ಅವನ ಹೆಗಲ ಮೇಲಿಂದ ಒಳಗೆ ಭಾವ ಕಂಡರು. ನನ್ನನ್ನು ನೋಡಿದರು. ಬೇಡ ಎನ್ನುವಂತೆ, ಬಹಳ ಸಣ್ಣದಾಗಿ, ತಲೆಯಾಡಿಸಿದರು.

ಸಮಿತಿಯ ಎದುರು ಇಡಲೆಂದು ನಾನು ಬಗ್ಗಿ ಕ್ಯಾರಿಯರ್‌ನ ಹಿಡಿಗೆ ಕೈ ಹಾಕಿದೆ.

ಅದೇ ಗಳಿಗೆಗೆ ಅಕ್ಕನ ಕೈಯೂ ಅದರ ಮೇಲೆ ಬಂತು. ನಾನು ಎಳೆದೆ. ನೀಲಿ ಲಾಡಿ ಬಿಗಿಯಾಯಿತು. ಅಕ್ಕ ಹಿಡಿ ಬಿಡಲಿಲ್ಲ.